ಮೆರವಣಿಗೆಗಷ್ಟೇ ಸಂಘವೆ?

ಹೊರನಾಡ ಕನ್ನಡಿಗರ ಸಭೆಗಳಲ್ಲಿ ಪದೇ ಪದೇ ಕೇಳಿಬರುವ ಒಂದು ಮಾತಿದೆ: ‘ನಮ್ಮದು ಸಾಂಸ್ಕೃತಿಕ ಸಂಘಟನೆ, ಇಲ್ಲಿ ರಾಜಕೀಯಕ್ಕೆ ಎಡೆಯಿಲ್ಲ.’ ಮಾತು ಸಭ್ಯವಾಗಿದೆ. ಪಕ್ಷಗಳ ಕಚ್ಚಾಟ ಸಂಘದ ಅಂಗಳಕ್ಕೆ ಬರಬಾರದೆಂಬಷ್ಟೇ ಅದರ ಅರ್ಥವಾಗಿದ್ದರೆ ಯಾರ ತಕರಾರೂ ಇರಲಾರದು. ಆದರೆ ಈ ಮಾತು ಯಾವ ಯಾವ ಸಂದರ್ಭಗಳಲ್ಲಿ ಹೊರಬೀಳುತ್ತದೆ ಎಂಬುದನ್ನು ಹಲವು ವರ್ಷಗಳಿಂದ ಗಮನಿಸುತ್ತ ಬಂದಿರುವ ನನಗೆ ಅದರ ನಿಜವಾದ ಅರ್ಥ ಬೇರೆಯೇ ಇದೆಯೆಂದು ತೋರಿದೆ. ಕೆಲಸ ಕಳೆದುಕೊಂಡ ಹೋಟೆಲ್ ಕಾರ್ಮಿಕನ ಪ್ರಶ್ನೆ ಎದ್ದರೆ ಅದು ರಾಜಕೀಯ. ಮುಚ್ಚುತ್ತಿರುವ ಕನ್ನಡ ಶಾಲೆಯ ಪ್ರಶ್ನೆ ಎದ್ದರೆ ಅದೂ ರಾಜಕೀಯ. ಜನಗಣತಿಯವರು ಬಾಗಿಲಿಗೆ ಬಂದಾಗ ಮಾತೃಭಾಷೆಯ ಕಾಲಮ್ಮಿನಲ್ಲಿ ಏನು ಬರೆಸಬೇಕೆಂದು ಜನರಿಗೆ ತಿಳಿಹೇಳುವುದಂತೂ ಘೋರ ರಾಜಕೀಯ. ರಾಜ್ಯೋತ್ಸವದ ದಿನ ಊರಿನಿಂದ ಮಂತ್ರಿಯೊಬ್ಬರನ್ನು ಕರೆಸಿ, ಶಾಲು ಹೊದಿಸಿ, ಅವರ ಭಾಷಣಕ್ಕೆ ಚಪ್ಪಾಳೆ ತಟ್ಟುವುದು ಮಾತ್ರ ಶುದ್ಧ ಸಂಸ್ಕೃತಿ!

ಈ ವಾದದ ಪೊಳ್ಳುತನವನ್ನು ತೋರಿಸಲು ನಮ್ಮದೇ ಸಂಘಗಳ ಉದಾಹರಣೆಗಳನ್ನು ಎತ್ತಿಕೊಂಡರೆ ವ್ಯಕ್ತಿದ್ವೇಷದ ಆರೋಪ ತಪ್ಪಿದ್ದಲ್ಲ. ಆದುದರಿಂದ ನಮಗೆ ನಂಟಸ್ತಿಕೆಯಾಗಲಿ ಹಗೆಯಾಗಲಿ ಇಲ್ಲದ ದೂರದ ಒಂದು ಊರಿನ, ದೂರದ ಒಂದು ಜನಸಮುದಾಯದ ಚರಿತ್ರೆಯನ್ನು ಓದುಗರ ಮುಂದಿಡುತ್ತಿದ್ದೇನೆ. ಊರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್. ಜನ ಅಲ್ಲಿನ ಐರಿಷರು.

ಐರಿಷರೇ ಏಕೆ ಎಂದು ಕೇಳಬಹುದು. ಹೊರದೇಶಗಳಿಗೆ ವಲಸೆ ಹೋದವರ ಕತೆ ನಮಗೆ ಅಷ್ಟಾಗಿ ಹೊಂದುವುದಿಲ್ಲ. ನಾವು ಕಡಲು ದಾಟಿದವರಲ್ಲ, ಪಕ್ಕದ ರಾಜ್ಯಕ್ಕೆ ರೈಲು ಹತ್ತಿ ಬಂದವರು. ಬ್ರಿಟನ್ನಿನ ಐರಿಷರ ಸ್ಥಿತಿ ಸುಮಾರಾಗಿ ನಮ್ಮದೇ. ಅವರಿಗೂ ಅದು ಪಕ್ಕದ ನೆಲ. ಒಂದು ರಾತ್ರಿಯ ಹಡಗಿನ ಪ್ರಯಾಣ. ಐರ್ಲೆಂಡ್ ಸ್ವತಂತ್ರವಾದ ಮೇಲೂ ಅಲ್ಲಿಗೆ ಹೋಗಿ ದುಡಿಯಲು ಅವರಿಗೆ ಪರವಾನಗಿಯ ತೊಡಕಿರಲಿಲ್ಲ, ಅಲ್ಲಿ ಮತದಾನದ ಹಕ್ಕೂ ಉಂಟು. ಮೈಬಣ್ಣದಲ್ಲಿ ವ್ಯತ್ಯಾಸವಿಲ್ಲ. ಹೀಗೆ ಕಾಗದದ ಮೇಲೆ ಎಲ್ಲ ಹಕ್ಕುಗಳೂ ಇದ್ದು, ಬಾಯಿ ತೆರೆದೊಡನೆ ಮಾತ್ರ ‘ಹೊರಗಿನವ’ನಾಗುವ ಸ್ಥಿತಿ ಏನೆಂಬುದನ್ನು ಮುಂಬಯಿಯಲ್ಲಿಯೋ ಚೆನ್ನೈಯಲ್ಲಿಯೋ ಬಾಳುವೆ ಮಾಡಿದ ಕನ್ನಡಿಗನಿಗೆ ವಿವರಿಸಿ ಹೇಳಬೇಕಾಗಿಲ್ಲ.

ಇಪ್ಪತ್ತನೆಯ ಶತಮಾನದ ಐವತ್ತರ ದಶಕ ಐರ್ಲೆಂಡಿನ ಪಾಲಿಗೆ ಬರಿದಾಗುವ ದಶಕ. ಆ ಹತ್ತು ವರ್ಷಗಳಲ್ಲಿ ಸುಮಾರು 4 ಲಕ್ಷ ಜನ ನಾಡು ಬಿಟ್ಟರು. 1961ರ ಜನಗಣತಿಯಲ್ಲಿ ಆ ಗಣರಾಜ್ಯದ ಜನಸಂಖ್ಯೆ 28 ಲಕ್ಷಕ್ಕೆ ಇಳಿದಿತ್ತು. ಹೊರಟವರಲ್ಲಿ ಬಹುಪಾಲು ಬ್ರಿಟನ್ನಿಗೇ ಹೋದರು. ಯುದ್ಧದಲ್ಲಿ ನಜ್ಜುಗುಜ್ಜಾದ ಇಂಗ್ಲೆಂಡಿನ ನಗರಗಳನ್ನು ಮತ್ತೆ ಕಟ್ಟಲು, ಹೆದ್ದಾರಿಗಳನ್ನು ಹಾಸಲು, ಆಸ್ಪತ್ರೆಗಳಲ್ಲಿ ದಾದಿಯರಾಗಿ ದುಡಿಯಲು ಜನ ಬೇಕಾಗಿದ್ದರು. ಮೋಟಾರು ಕಾರ್ಖಾನೆಗಳ ಊರಾದ ಬರ್ಮಿಂಗ್‌ಹ್ಯಾಮ್ ಇವರನ್ನು ಸಾವಿರಗಟ್ಟಲೆಯಾಗಿ ಸೆಳೆದುಕೊಂಡಿತು.

ಬಂದವರು ಮೊದಲು ಮಾಡಿದ ಕೆಲಸ ಸಂಘ ಕಟ್ಟುವುದು. ಇದರಲ್ಲಿಯೂ ಅವರು ನಮ್ಮ ಅಣ್ಣತಮ್ಮಂದಿರೇ. ಒಂದು ಐರಿಷ್ ಸಂಘವಲ್ಲ, ಊರೂರಿಗೊಂದು. ಮೇಯೋ ಕೌಂಟಿಯವರಿಗೆ ಒಂದು, ರಾಸ್‌ಕಾಮನ್‌ನವರಿಗೆ ಇನ್ನೊಂದು, ಕೆರ್ರಿಯವರಿಗೆ ಮತ್ತೊಂದು. ಕೌಂಟಿ ಎಂದರೆ ಸುಮಾರಾಗಿ ನಮ್ಮ ಜಿಲ್ಲೆ. ಈ ಕೌಂಟಿ ಸಂಘಗಳೆಲ್ಲ ತಮ್ಮ ತಮ್ಮ ಪತಾಕೆಗಳನ್ನು ಹಿಡಿದು ಒಟ್ಟಾಗಿ ನಡೆಯುತ್ತಿದ್ದುದು ಮಾರ್ಚ್ 17ರ ಸಂತ ಪ್ಯಾಟ್ರಿಕ್ ಹಬ್ಬದ ಮೆರವಣಿಗೆಯಲ್ಲಿ. ಬರ್ಮಿಂಗ್‌ಹ್ಯಾಮಿನಲ್ಲಿ ಈ ಮೆರವಣಿಗೆ 1952ರಲ್ಲಿ ಪ್ರಾರಂಭವಾಯಿತು. ವರ್ಷದಿಂದ ವರ್ಷಕ್ಕೆ ಅದು ಬೆಳೆಯಿತು. ವರ್ಷವಿಡೀ ಮಣ್ಣು ಅಗೆಯುವ ಕೈಗಳು ಅಂದು ಪತಾಕೆ ಹಿಡಿದು ನಗರದ ನಡುಬೀದಿಯಲ್ಲಿ ತಲೆಯೆತ್ತಿ ನಡೆದವು. ಇದನ್ನು ಹಗುರವಾಗಿ ಕಾಣುವಷ್ಟು ಅರಸಿಕ ನಾನಲ್ಲ.

ಅದೇ ಊರಿನಲ್ಲಿ 1957ರಲ್ಲಿ ಇನ್ನೊಂದು ಸಂಸ್ಥೆ ಹುಟ್ಟಿತು. ಅದಕ್ಕೆ ಪತಾಕೆಯ ವೈಭವವಿರಲಿಲ್ಲ. ಐರಿಷ್ ಕ್ಷೇಮಾಭಿವೃದ್ಧಿ ಮತ್ತು ಮಾಹಿತಿ ಕೇಂದ್ರ ಎಂಬುದು ಅದರ ಹೆಸರಿನ ಅರ್ಥ. ಹೊಸದಾಗಿ ಬಂದಿಳಿದ ಹುಡುಗನಿಗೆ ಬಾಡಿಗೆಯ ಕೋಣೆ, ಹುಡುಗಿಗೆ ಮರ್ಯಾದೆಯ ಕೆಲಸ, ಕಾಯಿಲೆಯವನಿಗೆ ಆಸ್ಪತ್ರೆಯ ದಾರಿ ಇವನ್ನು ಒದಗಿಸುವುದು ಅದರ ಕೆಲಸ. ಪತ್ರಿಕೆಗಳಲ್ಲಿ ಅದರ ಫೋಟೋ ಬರುತ್ತಿದ್ದುದು ಅಪರೂಪ. ಹತ್ತು ವರ್ಷಗಳ ನಂತರ, 1967ರಲ್ಲಿ, ಡಿಗ್‌ಬೆತ್ ಎಂಬಲ್ಲಿ ಐರಿಷ್ ಕೇಂದ್ರದ ದೊಡ್ಡ ಸಭಾಂಗಣವೂ ಬಾಗಿಲು ತೆರೆಯಿತು. ಮೆರವಣಿಗೆ, ಸಭಾಂಗಣ, ಕ್ಷೇಮಕೇಂದ್ರ ಈ ಮೂರನ್ನೂ ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

1974ರ ನವೆಂಬರ್ 21ರ ರಾತ್ರಿ ಬರ್ಮಿಂಗ್‌ಹ್ಯಾಮಿನ ನಡುಪೇಟೆಯಲ್ಲಿ, ಮಲ್ಬೆರಿ ಬುಷ್ ಮತ್ತು ಟ್ಯಾವರ್ನ್ ಇನ್ ದ ಟೌನ್ ಎಂಬ ಎರಡು ಪಾನಗೃಹಗಳಲ್ಲಿ ಬಾಂಬುಗಳು ಸಿಡಿದವು. 21 ಜನ ಸತ್ತರು. 182 ಜನ ಗಾಯಗೊಂಡರು. ಸತ್ತವರಲ್ಲಿ ಹೆಚ್ಚಿನವರು ಎಳೆಯರು. ಅವರಲ್ಲಿ ಐರಿಷ್ ಮನೆತನದ ಸೋದರರಿಬ್ಬರೂ ಇದ್ದರು. ಐರಿಷ್ ರಿಪಬ್ಲಿಕನ್ ಸೈನ್ಯದ ಕೃತ್ಯವಿದು ಎಂಬ ವಿಷಯದಲ್ಲಿ ಯಾರಿಗೂ ಸಂಶಯವಿರಲಿಲ್ಲ. ಅದಕ್ಕೂ ಊರಿನ ಸಾವಿರಾರು ಐರಿಷ್ ಗಾರೆ ಕೆಲಸಗಾರರಿಗೂ ದಾದಿಯರಿಗೂ ಏನು ಸಂಬಂಧ ಎಂದು ಕೇಳುವ ತಾಳ್ಮೆ ಆ ವಾರ ಯಾರಲ್ಲಿಯೂ ಉಳಿದಿರಲಿಲ್ಲ. ಕಾರ್ಖಾನೆಗಳಲ್ಲಿ ಇಂಗ್ಲಿಷ್ ಕಾರ್ಮಿಕರು ಕೆಲಸ ನಿಲ್ಲಿಸಿ ಹೊರನಡೆದರು. ಐರಿಷ್ ಕೇಂದ್ರದ ಮೇಲೆ ದಾಳಿಯಾಯಿತು. ಅಂಗಡಿಯಲ್ಲಿ ಬ್ರೆಡ್ಡು ಕೇಳುವಾಗಲೂ ತಮ್ಮ ಉಚ್ಚಾರವನ್ನು ಅಡಗಿಸಿಕೊಳ್ಳಬೇಕಾಗಿ ಬಂದುದನ್ನು ಆ ಕಾಲದ ಐರಿಷ್ ಹೆಂಗಸರು ಎಷ್ಟೋ ವರ್ಷಗಳ ನಂತರ ನೆನೆದಿದ್ದಾರೆ.

ಎಂಟೇ ದಿನಗಳಲ್ಲಿ, ನವೆಂಬರ್ 29ರಂದು, ಭಯೋತ್ಪಾದನಾ ತಡೆ ಕಾಯಿದೆ ಜಾರಿಗೆ ಬಂತು. ಆರೋಪ ಹೊರಿಸದೆಯೇ 7 ದಿನಗಳವರೆಗೆ ಬಂಧನದಲ್ಲಿಡುವ, ವಿಚಾರಣೆಯಿಲ್ಲದೆ ಬ್ರಿಟನ್ನಿನಿಂದ ಗಡೀಪಾರು ಮಾಡುವ ಅಧಿಕಾರವನ್ನು ಅದು ಸರ್ಕಾರಕ್ಕೆ ಕೊಟ್ಟಿತು. ಮಸೂದೆ ಮಂಡಿಸಿದ ಗೃಹಮಂತ್ರಿ ರಾಯ್ ಜೆಂಕಿನ್ಸ್ ಅವರೇ ಈ ಅಧಿಕಾರಗಳು ಕ್ರೂರವಾದವು, ಶಾಂತಿಕಾಲದಲ್ಲಿ ಹಿಂದೆಂದೂ ಕಾಣದಂಥವು ಎಂದು ಒಪ್ಪಿಕೊಂಡಿದ್ದರು. ಊರಿನಿಂದ ಬಂಧುಗಳ ಮದುವೆ ಮುಗಿಸಿ ಹಡಗಿನಿಂದಿಳಿದವರನ್ನೂ ತಡೆದು ಪ್ರಶ್ನಿಸುವುದು ಸಾಮಾನ್ಯವಾಯಿತು. ಅತ್ತ ಬರ್ಮಿಂಗ್‌ಹ್ಯಾಮಿನಲ್ಲಿ ನೆಲೆಸಿದ್ದ ಆರು ಮಂದಿ ಐರಿಷ್ ಗಂಡಸರನ್ನು ಹಿಡಿದು, ಹೊಡೆತದಿಂದ ಪಡೆದ ತಪ್ಪೊಪ್ಪಿಗೆಗಳ ಹಾಗೂ ಹುರುಳಿಲ್ಲದ ರಾಸಾಯನಿಕ ಪರೀಕ್ಷೆಯ ಆಧಾರದ ಮೇಲೆ 1975ರ ಆಗಸ್ಟಿನಲ್ಲಿ ಜೀವಾವಧಿ ಶಿಕ್ಷೆ ವಿಧಿಸಲಾಯಿತು. ಅವರು ನಿರಪರಾಧಿಗಳು. ಅದನ್ನು ನ್ಯಾಯಾಲಯ ಒಪ್ಪಿ ಅವರನ್ನು ಬಿಡುಗಡೆ ಮಾಡಿದುದು 1991ರ ಮಾರ್ಚ್ 14ರಂದು. ಹದಿನಾರು ವರ್ಷಗಳು ಕಳೆದಿದ್ದವು.

ಈಗ ನಾನು ಕೇಳಬೇಕಾದ ಪ್ರಶ್ನೆ ಇದು. ಆ ಹದಿನಾರು ವರ್ಷ ಪತಾಕೆಗಳ ಸಂಘಗಳು ಏನು ಮಾಡುತ್ತಿದ್ದವು?

ಮೆರವಣಿಗೆ ನಿಂತುಹೋಯಿತು. 1974ರ ಮಾರ್ಚಿನಲ್ಲಿ ನಡೆದುದೇ ಕೊನೆಯದು. ಮತ್ತೆ ಅದು ಬೀದಿಗಿಳಿದುದು 1996ರಲ್ಲಿ. ಇಪ್ಪತ್ತೆರಡು ವರ್ಷಗಳ ಕಾಲ ಬರ್ಮಿಂಗ್‌ಹ್ಯಾಮಿನ ಐರಿಷ್ ಸಂಸ್ಕೃತಿ ಸಭಾಂಗಣದ ಮುಚ್ಚಿದ ಬಾಗಿಲುಗಳ ಹಿಂದೆ ಸದ್ದಡಗಿ ಕುಳಿತಿತು. ಸಂಘಗಳು ಮುಚ್ಚಲಿಲ್ಲ. ನೃತ್ಯವಿತ್ತು, ಔತಣವಿತ್ತು, ಕೌಂಟಿ ಕೌಂಟಿಗಳ ನಡುವೆ ಪಂದ್ಯವಿತ್ತು. ಜೈಲಿನಲ್ಲಿದ್ದ ಆ ಆರು ಮಂದಿಯ ಹೆಸರೆತ್ತುವುದು ಮಾತ್ರ ‘ರಾಜಕೀಯ’ವಾಗಿತ್ತು. ಹೆಸರೆತ್ತಿದವರು ಯಾರು? ಅವರ ಹೆಂಡಿರು ಮಕ್ಕಳು. ಉತ್ತರ ಐರ್ಲೆಂಡಿನ ಇಬ್ಬರು ಪಾದ್ರಿಗಳು, ಡೆನಿಸ್ ಫಾಲ್ ಮತ್ತು ರೇಮಂಡ್ ಮರ್ರಿ. ಲಂಡನ್ನಿನ ಒಬ್ಬ ಸಂನ್ಯಾಸಿನಿ, ಸಿಸ್ಟರ್ ಸಾರಾ ಕ್ಲಾರ್ಕ್. ಜೈಲಿನಿಂದ ಜೈಲಿಗೆ ಅಲೆದು ಐರಿಷ್ ಕೈದಿಗಳ ಮನೆಯವರಿಗೆ ಆಸರೆಯಾದಾಕೆ. ಕೊನೆಗೆ, ಕ್ರಿಸ್ ಮಲ್ಲಿನ್ ಎಂಬ ಇಂಗ್ಲಿಷ್ ಪತ್ರಕರ್ತ. 1986ರಲ್ಲಿ ಬಂದ ಅವರ ಪುಸ್ತಕ ಇಡೀ ಮೊಕದ್ದಮೆಯ ಬುಡವನ್ನೇ ಅಲುಗಾಡಿಸಿತು. ಐರಿಷರ ಪರವಾಗಿ ಬರೆಯಲು ಒಬ್ಬ ಇಂಗ್ಲಿಷಿನವನೇ ಬರಬೇಕಾಯಿತು ಎಂಬುದರಲ್ಲಿ ಇಂಗ್ಲಿಷರ ನ್ಯಾಯಬುದ್ಧಿಗೆ ಎಷ್ಟು ಮೆಚ್ಚುಗೆ ಸಲ್ಲಬೇಕೋ ಅಷ್ಟೇ ನಾಚಿಕೆ ಆ ಪತಾಕೆಗಳ ಪಾಲಿಗೂ ಸಲ್ಲಬೇಕು.

‘ಭಯವಿತ್ತಲ್ಲವೆ? ಸುಮ್ಮನಿದ್ದುದರಿಂದಲೇ ಅವರು ಬದುಕಿ ಉಳಿದರು’ ಎಂದು ವಾದಿಸುವವರಿದ್ದಾರೆ. ಈ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ಕಲ್ಲು ಬೀಳುತ್ತಿರುವ ಕಿಟಕಿಯ ಹಿಂದೆ ನಿಂತವನಿಗೆ ಧೈರ್ಯದ ಉಪದೇಶ ಮಾಡುವುದು ದೂರದಲ್ಲಿ ಕುಳಿತವನಿಗೆ ಶೋಭಿಸುವುದಿಲ್ಲ. 1974ರ ಡಿಸೆಂಬರಿನಲ್ಲಿ ಯಾರಾದರೂ ಮೌನವಾಗಿದ್ದರೆ ನಾನು ಅವರನ್ನು ದೂಷಿಸುವವನಲ್ಲ. ಆದರೆ 1980ರಲ್ಲಿ? 1985ರಲ್ಲಿ? ಅಂದಿನ ಭಯ ಕ್ರಮೇಣ ರೂಢಿಯಾಯಿತು, ರೂಢಿ ಸಂಘದ ನಿಯಮಾವಳಿಯಾಯಿತು, ಕೊನೆಗೆ ಆ ನಿಯಮಾವಳಿಗೆ ‘ಸಾಂಸ್ಕೃತಿಕ’ ಎಂಬ ಸುಂದರವಾದ ಹೆಸರೂ ದೊರಕಿತು. ಇಲ್ಲಿಯೇ ನನ್ನ ಆಕ್ಷೇಪಣೆ. ಮೇಲಾಗಿ ಅದೇ ಊರಿನ ಆ ಬಡ ಕ್ಷೇಮಕೇಂದ್ರ ಆ ವರ್ಷಗಳಲ್ಲಿ ಒಂದು ದಿನಕ್ಕೂ ಅಪ್ರಸ್ತುತವಾಗಲಿಲ್ಲ. ಪತಾಕೆ ಮಡಿಸಿಡಬಹುದು, ಕೆಲಸ ಹೋದವನ ಹಸಿವನ್ನು ಮಡಿಸಿಡಲಾಗದು. ಭಯದ ಕಾಲದಲ್ಲಿ ಯಾವ ಬಗೆಯ ಸಂಘ ಉಳಿಯುತ್ತದೆ ಎಂಬ ಪ್ರಶ್ನೆಗೆ ಬರ್ಮಿಂಗ್‌ಹ್ಯಾಮ್ ಕೊಡುವ ಉತ್ತರ, ‘ಸುಮ್ಮನಿದ್ದವರು ಉಳಿದರು’ ಎನ್ನುವವರು ತಿಳಿದಷ್ಟು ಸರಳವಾಗಿಲ್ಲ.

ಮೌನಕ್ಕೆ ಪ್ರತಿಯಾಗಿ ಮಾತು ಹುಟ್ಟಲೇಬೇಕಾಗಿತ್ತು, ಹುಟ್ಟಿತು. ಬ್ರಿಟನ್ನಿನಾದ್ಯಂತದ ಐರಿಷ್ ಸಂಘಗಳ ಒಕ್ಕೂಟವೊಂದು 1973ರಲ್ಲಿಯೇ ಏರ್ಪಟ್ಟಿತ್ತು. ಅದರ ಅತಿ ಎಚ್ಚರಿಕೆಯ ನಡೆಯಿಂದ ಬೇಸತ್ತವರು 1981ರಲ್ಲಿ ಐರಿಷ್ ಇನ್ ಬ್ರಿಟನ್ ರೆಪ್ರೆಸೆಂಟೇಶನ್ ಗ್ರೂಪ್ ಎಂಬ ಬೇರೊಂದು ಸಂಘಟನೆಯನ್ನು ಕಟ್ಟಿದರು. ಭಯೋತ್ಪಾದನಾ ಕಾಯಿದೆಯ ವಿರುದ್ಧ, ಐರಿಷರನ್ನು ಪೆದ್ದರೆಂದು ಅಣಕಿಸುವ ಪತ್ರಿಕೆಗಳ ನಗೆಹನಿಗಳ ವಿರುದ್ಧ, ಶಾಲೆಯ ಪಾಠಗಳಲ್ಲಿ ಐರ್ಲೆಂಡಿನ ಚರಿತ್ರೆಗೆ ಸ್ಥಳ ಬೇಕೆಂದು, ಜನಗಣತಿಯಲ್ಲಿ ತಮ್ಮನ್ನು ಬೇರೆಯಾಗಿ ಎಣಿಸಬೇಕೆಂದು ಅವರು ಸದ್ದು ಮಾಡಿದರು. ಹಿರಿಯರು ಹುಬ್ಬು ಗಂಟಿಕ್ಕಿದರು. ಲಂಡನ್ನಿನ ನಗರಾಡಳಿತ 1984ರಲ್ಲಿ ಐರಿಷ್ ಸಮುದಾಯದ ಬಗ್ಗೆ ವರದಿಯನ್ನೇ ಹೊರತಂದು ಅವರನ್ನು ಅಲ್ಪಸಂಖ್ಯಾತರೆಂದು ಮಾನ್ಯಮಾಡಿತು. ಎರಡು ವರ್ಷಗಳಲ್ಲಿ ಆ ನಗರಾಡಳಿತವನ್ನೇ ಥ್ಯಾಚರ್ ಸರ್ಕಾರ ವಿಸರ್ಜಿಸಿದ್ದು ಬೇರೆ ಕತೆ. ಸಂಘದ ಅಡುಗೆಮನೆಯಲ್ಲಿ ಸ್ಯಾಂಡ್‌ವಿಚ್ ಕತ್ತರಿಸಲಷ್ಟೇ ಕರೆಯಲ್ಪಡುತ್ತಿದ್ದ ಹೆಂಗಸರು ಲಂಡನ್ನಿನಲ್ಲಿ ತಮ್ಮದೇ ಕೇಂದ್ರವನ್ನು ಸ್ಥಾಪಿಸಿಕೊಂಡುದೂ ಇದೇ ದಶಕದಲ್ಲಿ. ಕಡೆಗೆ 2001ರ ಜನಗಣತಿಯ ನಮೂನೆಯಲ್ಲಿ ‘ಐರಿಷ್’ ಎಂಬ ಚೌಕ ಬಂತು. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಸುಮಾರು 6 ಲಕ್ಷ 42 ಸಾವಿರ ಜನ ಅದಕ್ಕೆ ಗುರುತು ಹಾಕಿದರು.

ಒಂದು ಚೌಕದಿಂದ ಏನಾದೀತು ಎಂದು ನಗುವವರಿಗೆ ಇನ್ನೊಂದು ಸಂಗತಿ ಹೇಳುತ್ತೇನೆ. ಐರಿಷರು ಬಿಳಿಯರು, ಇಂಗ್ಲಿಷ್ ಮಾತನಾಡುವವರು, ಆದುದರಿಂದ ಅವರಿಗೆ ವಿಶೇಷ ಸಮಸ್ಯೆಗಳೇ ಇಲ್ಲವೆಂದು ದಶಕಗಳ ಕಾಲ ಎಲ್ಲರೂ ನಂಬಿದ್ದರು. ಅವರ ಸಂಘಗಳೂ ನಂಬಿದ್ದವು. ಲೆಕ್ಕ ತೆಗೆದು ನೋಡಿದಾಗ ಬ್ರಿಟನ್ನಿಗೆ ಬಂದ ಐರಿಷ್ ಗಂಡಸರು ಊರಿನಲ್ಲಿ ಉಳಿದವರಿಗಿಂತ ಬೇಗ ಸಾಯುತ್ತಿದ್ದರು. ವಲಸೆ ಹೋದವರು ಸಾಮಾನ್ಯವಾಗಿ ಗಟ್ಟಿಮುಟ್ಟಾದವರಾಗಿದ್ದು ಊರಿನವರಿಗಿಂತ ಹೆಚ್ಚು ಬಾಳುವುದು ರೂಢಿ, ಇಲ್ಲಿ ತಿರುವುಮುರುವು. ಗಾರೆ ಕೆಲಸದ ಕಂತ್ರಾಟುದಾರರು, ಅವರಲ್ಲಿ ಸ್ವಂತ ನಾಡಿನವರೂ ಇದ್ದರು, ಲೆಕ್ಕಪತ್ರವಿಲ್ಲದೆ ಕೈಗೆ ಕೂಲಿ ಎಣಿಸಿದರು. ವಿಮೆಯ ಚೀಟಿ ಅಂಟಿಸಲಿಲ್ಲ. ಕೈಗೆ ಬಂದ ಹಣದಲ್ಲಿ ಒಂದು ಪಾಲು ಊರಿನ ತಾಯಿಗೆ ಮನಿಆರ್ಡರಾಗಿ ಹೋಯಿತು; ಐರ್ಲೆಂಡಿನ ಎಷ್ಟೋ ಹಳ್ಳಿಯ ಮನೆಗಳ ಒಲೆ ಉರಿದುದು ಆ ಹಣದಿಂದ. ದುಡಿಯುವ ಶಕ್ತಿ ಮುಗಿದಾಗ ಅವನಿಗೆ ಪಿಂಚಣಿಯೂ ಇಲ್ಲ, ಸಂಸಾರವೂ ಇಲ್ಲ; ಒಂದು ಬಾಡಿಗೆಯ ಕೋಣೆ ಮಾತ್ರ. 2003ರ ಡಿಸೆಂಬರಿನಲ್ಲಿ ಐರ್ಲೆಂಡಿನ ದೂರದರ್ಶನ ಈ ಮುದುಕರ ಪಾಡನ್ನು ತೋರಿಸಿದಾಗ ತಾಯ್ನಾಡು ಬೆಚ್ಚಿಬಿತ್ತು. ಮರುವರ್ಷವೇ ವಲಸಿಗರ ನೆರವಿನ ಯೋಜನೆ ಸರಿಯಾದ ರೂಪ ತಾಳಿತು. ಆ ಹಣವನ್ನು ಮನೆಮನೆಗೆ ಮುಟ್ಟಿಸಲು ನೆಲದ ಮೇಲೆ ಯಾವ ಸಂಘಗಳು ಸಿದ್ಧವಾಗಿದ್ದವು? ಬರ್ಮಿಂಗ್‌ಹ್ಯಾಮಿನಲ್ಲಾದರೆ, 1957ರಿಂದ ಮುದುಕರ ವಿಳಾಸಗಳನ್ನು ಬರೆದಿಟ್ಟುಕೊಂಡು ಬಂದ ಆ ಬಡ ಕೇಂದ್ರ.

ನಮ್ಮಲ್ಲಿ ಯಾರ ಬಳಿ ಈ ವಿಳಾಸಗಳಿವೆ? ಹದಿಮೂರನೆಯ ವಯಸ್ಸಿನಲ್ಲಿ ಊರು ಬಿಟ್ಟು ಬಂದು, ಹಗಲು ಹೋಟೆಲಿನಲ್ಲಿ ಕಪ್ಪುಬಸಿ ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಕಲಿತ ಪೀಳಿಗೆ ಮುಂಬಯಿಯಲ್ಲಿ ಇನ್ನೂ ಪೂರ್ತಿ ಕಣ್ಮರೆಯಾಗಿಲ್ಲ. ಅಂಥ ವೃದ್ಧರೊಬ್ಬರ ಭವಿಷ್ಯನಿಧಿಯ ಕಾಗದಗಳ ವಿಚಾರವನ್ನು ನಾನು ಒಮ್ಮೆ ಒಂದು ಸಂಘದ ಕಾರ್ಯಕಾರಿ ಸಮಿತಿಯ ಮುಂದಿಟ್ಟೆ. ಮಾಲಕರೊಬ್ಬರ ಹೆಸರು ಬರುತ್ತದೆ, ಅವರು ನಮ್ಮ ದಾನಿಗಳು, ಇದು ರಾಜಕೀಯವಾಗುತ್ತದೆ ಎಂಬ ಕಾರಣದಿಂದ ವಿಷಯ ಕಲಾಪಪಟ್ಟಿಗೇ ಬರಲಿಲ್ಲ. ಅದೇ ಸಭೆಯಲ್ಲಿ ಸ್ಮರಣ ಸಂಚಿಕೆಯ ಮುಖಪುಟದ ಬಣ್ಣದ ಬಗ್ಗೆ ಮುಕ್ಕಾಲು ಗಂಟೆ ಚರ್ಚೆ ನಡೆಯಿತು.

ನನ್ನ ವಾದಕ್ಕೆ ಎದುರಾಗಿ ಒಂದು ದೊಡ್ಡ ಹೆಸರನ್ನು ಯಾರಾದರೂ ಮುಂದೊಡ್ಡಬಹುದು. ಡಗ್ಲಾಸ್ ಹೈಡ್. 1893ರಲ್ಲಿ ಡಬ್ಲಿನ್ನಿನಲ್ಲಿ ಐರಿಷ್ ಭಾಷೆಯ ಪುನರುಜ್ಜೀವನಕ್ಕಾಗಿ ಗೇಲಿಕ್ ಲೀಗ್ ಕಟ್ಟಿದವರಲ್ಲಿ ಅಗ್ರಗಣ್ಯರು. ಲೀಗು ರಾಜಕೀಯದಿಂದ ದೂರವಿರಬೇಕೆಂದು ಪಟ್ಟುಹಿಡಿದವರು. 1915ರಲ್ಲಿ ಡಂಡಾಕ್ ಅಧಿವೇಶನ ಸ್ವತಂತ್ರ ಐರ್ಲೆಂಡನ್ನು ತನ್ನ ಗುರಿಗಳಲ್ಲಿ ಸೇರಿಸಿದಾಗ ಅಧ್ಯಕ್ಷಪದವಿಯನ್ನೇ ಬಿಟ್ಟು ಹೊರನಡೆದವರು. ಅವರ ಕಾರಣ ಗೌರವಾರ್ಹವಾದುದು. ಪ್ರೊಟೆಸ್ಟಂಟರೂ ಕ್ಯಾಥೊಲಿಕರೂ ಕೂಡುವ ಒಂದೇ ಜಗಲಿ ಭಾಷೆಯದಾಗಬೇಕೆಂಬುದು ಅವರ ಕನಸು. ಆದರೆ ಹೈಡರ ‘ರಾಜಕೀಯ ಬೇಡ’ ನಮ್ಮವರ ‘ರಾಜಕೀಯ ಬೇಡ’ ಅಲ್ಲ. ಐರಿಷ್ ಭಾಷೆಯಲ್ಲಿ ವಿಳಾಸ ಬರೆದ ಅಂಚೆಯನ್ನು ಸ್ವೀಕರಿಸಬೇಕೆಂದು ಅಂಚೆ ಇಲಾಖೆಯೊಡನೆ ಜಗಳವಾಡಿದುದು ಅದೇ ಲೀಗು. ಹೊಸ ರಾಷ್ಟ್ರೀಯ ವಿಶ್ವವಿದ್ಯಾನಿಲಯದ ಪ್ರವೇಶಕ್ಕೆ ಐರಿಷ್ ಕಡ್ಡಾಯವಾಗಬೇಕೆಂದು ಬಿಷಪ್ಪರನ್ನೇ ಎದುರುಹಾಕಿಕೊಂಡು ಗೆದ್ದುದೂ ಅದೇ ಲೀಗು. ಲಂಡನ್ನಿನಲ್ಲಿ 1896ರಲ್ಲಿ ಹುಟ್ಟಿದ ಅದರ ಶಾಖೆಯಲ್ಲಿ ಐರಿಷ್ ಕಲಿಯಲು ಬರುತ್ತಿದ್ದ ಅಂಚೆ ಉಳಿತಾಯ ಬ್ಯಾಂಕಿನ ಗುಮಾಸ್ತನೊಬ್ಬ ಮುಂದೆ ಸಾಮ್ರಾಜ್ಯವನ್ನು ನಡುಗಿಸಿದ ಮೈಕೆಲ್ ಕಾಲಿನ್ಸ್. ರಾಜಕೀಯವಿಲ್ಲದ ಆ ಲೀಗು ಮಾಡಿದುದರಲ್ಲಿ ಹತ್ತರಲ್ಲೊಂದು ಪಾಲನ್ನು ನಮ್ಮ ಸಾಂಸ್ಕೃತಿಕ ಸಂಘಗಳು ಮಾಡಲಿ, ನಾನು ಇಂದೇ ಲೇಖನಿ ಕೆಳಗಿಡುತ್ತೇನೆ.

ಭಾಷೆಯ ಮಾತು ಬಂದುದರಿಂದ ಒಂದು ಸಂಗತಿಯನ್ನು ಇಲ್ಲಿ ಹೇಳದಿರಲಾರೆ. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್, ಇಂಗ್ಲಿಷಿನಲ್ಲಿ ಕವಿತೆ ಬರೆದು ತಂದ ತರುಣನೊಬ್ಬನಿಗೆ ನಿನ್ನ ಭಾಷೆಯಲ್ಲಿ ಬರೆ ಎಂದು ಹೇಳಿದರು. ಆ ತರುಣ ಕುವೆಂಪು. ಈ ಕತೆಯನ್ನು ನಾವು ಪ್ರತಿ ರಾಜ್ಯೋತ್ಸವದಲ್ಲಿಯೂ ಹೇಳಿ ಪುಳಕಗೊಳ್ಳುತ್ತೇವೆ. ಆದರೆ ಬೆಲ್‌ಫಾಸ್ಟಿನಲ್ಲಿ ಹುಟ್ಟಿದ ಕಸಿನ್ಸ್ ತಾವು ಬರೆದುದು ಇಂಗ್ಲಿಷಿನಲ್ಲಿ ಎಂಬುದನ್ನು ಮರೆಯುತ್ತೇವೆ. ತಮ್ಮ ನಾಡು ಏನನ್ನು ಕಳೆದುಕೊಂಡಿತ್ತು ಎಂಬುದನ್ನು ಕಂಡವರ ಬಾಯಿಂದ ಬಂದ ಮಾತದು. ಬರ್ಮಿಂಗ್‌ಹ್ಯಾಮಿಗೆ ಬಂದ ಐರಿಷರಲ್ಲಿ ಬಹುಮಂದಿಗೆ ಕೈಯಲ್ಲಿ ಭಾಷೆಯೇ ಇರಲಿಲ್ಲ, ಉಚ್ಚಾರವಷ್ಟೇ ಉಳಿದಿತ್ತು. ನಮಗಾದರೋ ಭಾಷೆ ಇದೆ. ಆ ಭಾಷೆಯನ್ನಾಡುವ ಮನುಷ್ಯನ ಬಾಡಿಗೆ, ಕೂಲಿ, ಕಾಯಿಲೆಗಳನ್ನು ಹೊರಗಿಟ್ಟು ಭಾಷೆಯೊಂದನ್ನೇ ಸಭಾಂಗಣದಲ್ಲಿ ಕಾಪಾಡುತ್ತೇವೆಂಬ ಭ್ರಮೆಯೂ ಇದೆ.

ತಾಯ್ನಾಡು ಏನು ಮಾಡಿತೆಂಬ ಪ್ರಶ್ನೆಯನ್ನು ನಮ್ಮವರು ಬಹಳ ಪ್ರೀತಿಯಿಂದ ಕೇಳುತ್ತಾರೆ. ಐರ್ಲೆಂಡೂ ಬಹುಕಾಲ ಏನೂ ಮಾಡಲಿಲ್ಲ. 1990ರಲ್ಲಿ ಅಧ್ಯಕ್ಷೆಯಾದ ಮೇರಿ ರಾಬಿನ್ಸನ್ ಹೊರನಾಡಿಗರ ನೆನಪಿಗಾಗಿ ತಮ್ಮ ನಿವಾಸದ ಕಿಟಕಿಯಲ್ಲಿ ದೀಪವೊಂದನ್ನು ಹಚ್ಚಿಟ್ಟರು. 1995ರಲ್ಲಿ ಅವರಿಗಾಗಿಯೇ ಸಂಸತ್ತಿನಲ್ಲಿ ಭಾಷಣ ಮಾಡಿದರು. 1998ರ ತಿದ್ದುಪಡಿಯ ಮೂಲಕ ಹೊರನಾಡ ಐರಿಷರೊಡನೆ ರಾಷ್ಟ್ರಕ್ಕಿರುವ ಬಾಂಧವ್ಯದ ಮಾತು ಸಂವಿಧಾನಕ್ಕೇ ಸೇರಿತು. ದೀಪವೂ ಬಾಂಧವ್ಯದ ಮಾತೂ ಬಂದುದು ಹೊರಗಿನವರು ಸದ್ದು ಮಾಡಿದ ದಶಕದ ನಂತರ ಎಂಬುದನ್ನು ಗಮನಿಸಬೇಕು.

ಡಿಗ್‌ಬೆತ್‌ನ ಆ ಸಭಾಂಗಣ ಅರ್ಧಶತಮಾನದ ತರುವಾಯ ಅಲ್ಲಿಂದ ಎದ್ದು ನಗರದ ಇನ್ನೊಂದು ಬಡಾವಣೆಗೆ ಹೋಗಿದೆ. ಕ್ಷೇಮಕೇಂದ್ರ ಮಾತ್ರ ಈಗ ಬರ್ಮಿಂಗ್‌ಹ್ಯಾಮ್ ಐರಿಷ್ ಅಸೋಸಿಯೇಷನ್ ಎಂಬ ಹೆಸರಿನಲ್ಲಿ ಅದೇ ಹಳೆಯ ಕೆಲಸವನ್ನು ಮುಂದುವರಿಸಿದೆ. 2018ರ ನವೆಂಬರಿನಲ್ಲಿ ಅದು ಇನ್ನೊಂದು ಕೆಲಸ ಮಾಡಿತು. ನಗರದ ನ್ಯೂ ಸ್ಟ್ರೀಟ್ ರೈಲು ನಿಲ್ದಾಣದ ಹೊರಗೆ ಉಕ್ಕಿನ ಮೂರು ಮರಗಳನ್ನು ನಿಲ್ಲಿಸಿತು. ಅವುಗಳ ಮೇಲೆ 1974ರಲ್ಲಿ ಸತ್ತ 21 ಮಂದಿಯ ಹೆಸರುಗಳಿವೆ. ರೂಪಿಸಿದ ಕಲಾವಿದೆ ಅನುರಾಧಾ ಪಟೇಲ್. ಐರಿಷರ ಸಂಘವೊಂದು, ಐರಿಷರ ಹೆಸರಿನಲ್ಲಿ ಕೊಲ್ಲಲ್ಪಟ್ಟವರಿಗಾಗಿ ಸ್ಮಾರಕ ಕಟ್ಟುವುದು ನಮ್ಮ ನಿಯಮಾವಳಿಯ ಪ್ರಕಾರ ಯಾವ ಕಲಮಿನ ಕೆಳಗೆ ಬರುತ್ತದೆ?

ನಮ್ಮ ಸಂಘದ ಮುಂದಿನ ಮಹಾಸಭೆಗೆ ನಾನು ಒಂದು ಠರಾವನ್ನು ಬರೆದುಕೊಟ್ಟಿದ್ದೇನೆ. ವಾರದಲ್ಲಿ ಎರಡು ಸಂಜೆ ಸಭಾಂಗಣದ ಕೆಳಗಿನ ಕೋಣೆ ತೆರೆದಿರಬೇಕು. ಪಿಂಚಣಿಯ, ಆಸ್ಪತ್ರೆಯ, ಪಡಿತರ ಚೀಟಿಯ ಕಾಗದಗಳನ್ನು ಓದಿ ಹೇಳಿ ತುಂಬಿಕೊಡುವ ಒಬ್ಬರು ಅಲ್ಲಿ ಕುಳಿತಿರಬೇಕು. ಬಂದವರ ಹೆಸರು ವಿಳಾಸಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ವೆಚ್ಚ, ವಾರ್ಷಿಕೋತ್ಸವದ ಶಾಲು ಹಾರಗಳ ಬಾಬ್ತಿನಿಂದ. ಇದನ್ನು ರಾಜಕೀಯವೆಂದು ತಿರಸ್ಕರಿಸುವವರು ದಯವಿಟ್ಟು ತಮ್ಮ ಕಾರಣಗಳನ್ನು ಲಿಖಿತವಾಗಿ ಕೊಡಬೇಕು. ಈ ಪತ್ರಿಕೆಯ ಮುಂದಿನ ಸಂಚಿಕೆಯಲ್ಲಿ ಅವನ್ನು ಯಥಾವತ್ತಾಗಿ ಅಚ್ಚುಮಾಡಬೇಕೆಂದು ಸಂಪಾದಕರನ್ನು ನಾನೇ ವಿನಂತಿಸಿಕೊಳ್ಳುತ್ತೇನೆ.